ಹಳದಿ ವಿಮಾನದ ಕೇಸು

ಕಾರವಾರ ಜೈಲು
10 ಜೂನ್ 2024

ಮಧು,

ಇಲ್ಲಿ ಪತ್ರಗಳನ್ನು ಓದಿಯೇ ಹೊರಗೆ ಕಳಿಸುತ್ತಾರೆ. ನಿನ್ನ ಕೈಸೇರುವ ಮೊದಲು ಇದು ಇನ್ನೊಬ್ಬರ ಕೈಸೇರಿರುತ್ತದೆ. ಕೈ ಎಂದು ಬರೆದುಬಿಟ್ಟೆ. ಹೊಡೆದುಹಾಕಲು ಹೊರಟವನು ಹಾಗೇ ಬಿಟ್ಟೆ.

ಮೊನ್ನೆ ವಕೀಲರು ಚಾರ್ಜ್‌ಶೀಟಿನ ಪ್ರತಿ ಕೊಟ್ಟರು. ಮೊದಲನೆಯ ಸಾಕ್ಷಿ ನೀನು. 'ವಿಮಾನ ಮಾರುವ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಾಗಿತ್ತು. ಆ ಸಿಟ್ಟಿನಲ್ಲಿ ಸುಹಾಸನು ಬೇಕೆಂದೇ ಸ್ವಿಚ್ ಆನ್ ಇಟ್ಟು, ಆಫ್ ಎಂದು ಸುಳ್ಳು ಹೇಳಿ, ನಾನು ಫ್ಯಾನು ತಿರುಗಿಸುವಂತೆ ಮಾಡಿ, ನನ್ನ ಬಲಗೈ ಹೋಗುವಂತೆ ಮಾಡಿದನು.' ಕೆಳಗೆ ನಿನ್ನ ಎಡಗೈ ಹೆಬ್ಬೆಟ್ಟು. ನೀನು ಯಾವತ್ತೂ ಫ್ಯಾನು ಎಂದವನಲ್ಲ, ಪ್ರೊಪೆಲ್ಲರ್ ಎನ್ನುತ್ತಿದ್ದವನು. ಬರೆದುಕೊಂಡವರ ಮಾತಿಗೆ ಹೆಬ್ಬೆಟ್ಟು ಒತ್ತಿದ್ದೀ ಎಂದು ನನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡೆ.

ಜನವರಿ ಇಪ್ಪತ್ತಾರರಂದು ನೀನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆ. ವಿಮಾನ ಇಟ್ಟಿದ್ದ ನಮ್ಮ ಶೆಡ್ಡಿನಲ್ಲಿ ಆದದ್ದನ್ನು ನಿನಗೆ ಹೇಳಿದವರು ಯಾರೂ ಅಲ್ಲಿರಲಿಲ್ಲ. ಇದ್ದವರು ಇಬ್ಬರೇ. ಒಬ್ಬ ಈಗಿಲ್ಲ. ಆದ್ದರಿಂದ ನಾನೇ ಹೇಳಬೇಕು.

ಬೆಳಿಗ್ಗೆ ಹತ್ತೂವರೆ. ಸಿದ್ದಾಪುರ ರಸ್ತೆಯ ಶಾಲೆಯಲ್ಲಿ ಧ್ವಜ ಏರಿಸಿ ಮಕ್ಕಳ ಬ್ಯಾಂಡು ಬಾರಿಸುತ್ತಿದ್ದರು. ನಾನು ವಿಮಾನದ ಮೂತಿಯ ಮೇಲಿನ ನಿನ್ನ ರಕ್ತ ಒರೆಸುತ್ತಿದ್ದೆ. ಟ್ರ್ಯಾಕ್ಟರಿನವರು ಅದನ್ನು ಗದ್ದೆಯಿಂದ ಎಳೆದು ತಂದು ಶೆಡ್ಡಿನಲ್ಲಿ ಬಿಟ್ಟಿದ್ದರು, ಐದು ದಿನ ಆ ಕಡೆ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ. ನಿನ್ನ ತಮ್ಮ ಚನ್ನಬಸವ ಬೈಕಿನಿಂದ ಇಳಿದ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಕಬ್ಬಿಣದ ರಾಡು. ನನ್ನನ್ನು ನೋಡಲೇ ಇಲ್ಲ. "ಇದನ, ನಮ್ಮಣ್ಣನ ಕೈ ತಿಂದದ್ದು?" ಎಂದು ಕೇಳಿ ರೆಕ್ಕೆಗೆ ಕೊಡಲಿ ಹಾಕಿದ.

ನಾನು ತಡೆಯಲಿಲ್ಲ. ಕಡಿಯಲಿ, ಸಿಟ್ಟು ಅಲ್ಲೇ ತೀರಲಿ ಎಂದುಕೊಂಡೆ. ಬಟ್ಟೆ ಹರಿಯಿತು, ಒಳಗಿನ ಮರದ ಪಕ್ಕೆಗಳು ಒಂದೊಂದಾಗಿ ಮುರಿದವು. ನಾಲ್ಕೂ ರೆಕ್ಕೆ ಮುಗಿಸಿ ಬಾಲಕ್ಕೆ ಬಂದ. ಒಂಬತ್ತು ವರ್ಷದ ಕೆಲಸ ಇಪ್ಪತ್ತು ನಿಮಿಷದಲ್ಲಿ ಹೋಯಿತು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಆಮೇಲೆ ಅವನು ನನ್ನ ಕಡೆ ತಿರುಗಿದ. "ಅಣ್ಣನ ಕೈ ತಗದೀ. ನಿನ್ನ ಕಾಲ ತಗೀತೀನಿ."

ರಾಡಿನ ಮೊದಲ ಏಟಿಗೆ ಎಡ ಮೊಣಕಾಲು ಒಡೆಯಿತು. ಬಿದ್ದ ಮೇಲೆ ಅದೇ ಕಾಲಿಗೆ ಎರಡು. ಬಲಗಾಲಿಗೆ ಒಂದು. ಅಲ್ಲಿಗೆ ಮುಗಿಸುತ್ತಾನೆ ಎಂದುಕೊಂಡೆ. ಅವನು ರಾಡು ಎಸೆದು ಕೊಡಲಿ ಎತ್ತಿಕೊಂಡ. ನನ್ನ ಕೈಗೆ ಸಿಕ್ಕಿದ್ದು ಜಾಕಿನ ಹಿಡಿ. ಮಲಗಿದ್ದಲ್ಲಿಂದಲೇ ಬೀಸಿದೆ. ಒಂದೇ ಏಟು, ಕಿವಿಯ ಮೇಲೆ. ಕೊಡಲಿ ನನ್ನ ತಲೆಯ ಪಕ್ಕದ ನೆಲಕ್ಕೆ ಬಿತ್ತು.

ಮೂರನೆಯ ದಿನ ಅವನು ಸತ್ತ, ನೀನಿದ್ದ ಆಸ್ಪತ್ರೆಯಲ್ಲೇ. ನಾನು ಕೊಂದೆ. ಇದನ್ನು ಕೋರ್ಟಿನಲ್ಲೂ ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲಿನದು, ನಿನ್ನ ಕೈ ಹೋದದ್ದು ಹೇಗೆಂಬುದು ನನಗೆ ತಿಳಿಯಬೇಕು ಮಧು. ಆ ವಿಮಾನದ ಸ್ವಿಚ್ಚು ಕಾಕ್‌ಪಿಟ್ಟಿನ ಹೊರಮೈಯಲ್ಲಿದೆ, ಮುಂದೆ ನಿಂತವನಿಗೂ ಕಾಣುತ್ತದೆ. ನೀನು ಕಣ್ಣಾರೆ ನೋಡಿದ್ದೆಯಾ? ಆನ್ ಇತ್ತಾ?

ಅಷ್ಟು ಬರೆ.

ಸುಹಾಸ


ಬನವಾಸಿ ರಸ್ತೆ, ಶಿರಸಿ
2 ಜುಲೈ 2024

ಸುಹಾಸ,

ಎಡಗೈ ಬರಹ. ಒಂದು ಸಾಲಿಗೆ ಐದು ನಿಮಿಷ. ನಿನಗೆ ಅಷ್ಟು ಹೊತ್ತು ಕೊಡುವ ಮನಸ್ಸಿಲ್ಲ.

ನನ್ನ ತಮ್ಮನನ್ನು ಕೊಂದೆ. ಅದನ್ನು ಹೇಳಲು ಎರಡು ಪುಟ ಬೇಕಿರಲಿಲ್ಲ.

ಹೇಳಿಕೆ ನನ್ನದೇ. ಫ್ಯಾನು ಎಂದರೂ ನನ್ನದೇ.

ಇನ್ನು ಬರೆಯಬೇಡ. ಅವ್ವ ಜೈಲಿನ ಮುದ್ರೆ ಕಂಡರೆ ಲಕೋಟೆಯನ್ನು ಒಲೆಗೆ ಹಾಕುತ್ತಾಳೆ.

ಮಧುಕೇಶ್ವರ


ಕಾರವಾರ ಜೈಲು
21 ಜುಲೈ 2024

ಮಧು,

ಬರೆಯಬೇಡ ಎಂದಿದ್ದೀ. ಒಲೆಗೆ ಹಾಕಿದರೆ ಹಾಕಲಿ.

ಇಲ್ಲಿ ನನ್ನ ಜೊತೆ ಇರುವವರು ದಿನಕ್ಕೊಮ್ಮೆಯಾದರೂ ವಿಮಾನದ ಕತೆ ಕೇಳುತ್ತಾರೆ. ಶಿರಸಿಯಲ್ಲಿ ಇದಕ್ಕೆ 'ಹಳದಿ ವಿಮಾನದ ಕೇಸು' ಎಂದೇ ಹೆಸರಂತೆ. ಹೇಳುತ್ತೇನೆ: ಟೈಗರ್ ಮಾತ್, ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಕಟ್ಟಿದ್ದು, ಯುದ್ಧಕ್ಕೆ ಹೋಗುವ ಹುಡುಗರಿಗೆ ಹಾರಲು ಕಲಿಸಿದ್ದು. ಯುದ್ಧ ಮುಗಿದ ಮೇಲೆ ಸರ್ಕಾರ ಅದನ್ನು ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಕೊಟ್ಟಿತು, ಕ್ಲಬ್ಬು ಚಿಕ್ಕಮಗಳೂರು ಕಡೆಯ ಎಸ್ಟೇಟಿನವರಿಗೆ ಮಾರಿತು, ಅವರ ಮೊಮ್ಮಕ್ಕಳು ಗುಜರಿಯ ಲೆಕ್ಕದಲ್ಲಿ ನಮಗೆ ಕೊಟ್ಟರು. ಕಾಫಿ ಗೋದಾಮಿನಲ್ಲಿ ಅದರ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ನೀನು ಕೋಳಿಯನ್ನು ಎಬ್ಬಿಸಲು ಬಿಡಲಿಲ್ಲ. ಮರಿಯಾಗುವವರೆಗೆ ಹತ್ತು ದಿನ ಕಾದು ಲಾರಿ ತಂದೆವು.

ನೀಲಿ ಬಣ್ಣ ಕೆರೆದಾಗ ಕೆಳಗೆ ಬೆಳ್ಳಿ, ಅದರ ಕೆಳಗೆ ತರಬೇತಿ ವಿಮಾನದ ಹಳದಿ ಸಿಕ್ಕಿದ ದಿನ ನಾವಿಬ್ಬರೂ ಕೂಗಿಕೊಂಡದ್ದು ರಸ್ತೆಗೆ ಕೇಳಿಸಿತ್ತು. ಹಿಂದಿನ ಸೀಟಿನ ಮರದ ಮೇಲೆ ಯಾವನೋ ಕಲಿಯುವ ಹುಡುಗ ಚಾಕುವಿನಿಂದ ಹನ್ನೊಂದು ಗೆರೆ ಕೊರೆದಿದ್ದ. ಹನ್ನೊಂದು ಸಲ ಹಾರಿ ಇಳಿದಿದ್ದಾನೆ ಎಂದೆ ನಾನು. ಸತ್ತ ಗೆಳೆಯರ ಲೆಕ್ಕ ಎಂದೆ ನೀನು.

ಹದಿನೈದು ವರ್ಷ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವನು ನಾನು. ಮರ, ಬಟ್ಟೆ, ಹಗ್ಗ ನನ್ನ ಪಾಲು. ಮೋಟಾರ್ ವೈಂಡಿಂಗ್ ಅಂಗಡಿಯವನು ನೀನು. ಎಂಜಿನ್ನೂ ವೈರಿಂಗೂ ನಿನ್ನ ಪಾಲು. ಹಾಗೆಯೇ ಒಂಬತ್ತು ವರ್ಷ ನಡೆಯಿತು. ಪುಣೆಯವರು ಕೊಳ್ಳಲು ಬಂದ ಮೇಲೆ ಜಗಳ. ನೀನು ಕೊಡೋಣ ಎಂದೆ, ನಾನು ಒಮ್ಮೆಯಾದರೂ ನೆಲ ಬಿಡಲಿ ಎಂದೆ. ಜನವರಿ ಇಪ್ಪತ್ತರಂದು ನಿನ್ನ ಕೊರಳಪಟ್ಟಿ ಹಿಡಿದದ್ದು ನಿಜ. ನೀನು ನನ್ನ ಕೆನ್ನೆಗೆ ಹೊಡೆದದ್ದೂ ನಿಜ. ಮರುದಿನ ಭಾನುವಾರ ನಿಮ್ಮ ಗದ್ದೆಯಲ್ಲಿ ಬರೀ ಓಡಿಸಿ ನೋಡುವುದು ಎಂದು ಮೊದಲೇ ನಿಶ್ಚಯವಾಗಿತ್ತಲ್ಲ, ಮುಖ ಊದಿಸಿಕೊಂಡೇ ಹೋದೆವು.

ನಾನು ಸೀಟಿನಲ್ಲಿ. ನೀನು ಮುಂದೆ. "ಸ್ವಿಚ್ ಆಫ್?" ಎಂದು ನೀನು ಕೇಳಿದೆ. "ಆಫ್" ಎಂದೆ ನಾನು. ಎಂಜಿನ್ನಿಗೆ ಪೆಟ್ರೋಲು ಎಳೆಯಲು ನಾಲ್ಕು ಸಲ ಕೈಯಿಂದ ತಿರುಗಿಸಬೇಕು. ಆಗ ಕಿಡಿ ಇರಬಾರದು. ಮೂರನೆಯ ಸಲಕ್ಕೆ ಅದು ಗುಡುಗಿತು. ಎರಡು ಸುತ್ತು, ಅಷ್ಟೇ, ನಿಂತುಬಿಟ್ಟಿತು. ನಿನ್ನ ಮುಖದಲ್ಲಿ ನೋವಿರಲಿಲ್ಲ, ಆಶ್ಚರ್ಯವಿತ್ತು. ನಾನು ಹಾರಿ ಬಂದಾಗ ನೀನು ಎಡಗೈಯಿಂದ ಬಲಗೈ ಹುಡುಕುತ್ತಿದ್ದೆ. ಅದು ಆರು ಮಾರು ದೂರದಲ್ಲಿ ಭತ್ತದ ಕೂಳೆಯ ಮೇಲಿತ್ತು. ಬೆಳ್ಳಿಯ ಉಂಗುರ ಹೊಳೆಯುತ್ತಿತ್ತು. ಸೀಟಿನ ಬೆಲ್ಟು ಕಿತ್ತು ನಿನ್ನ ಮೊಣಕೈ ಮೇಲೆ ಬಿಗಿದೆ. ಜೀಪಿನಲ್ಲಿ ಹುಬ್ಬಳ್ಳಿಯವರೆಗೂ ನೀನು ಒಂದೇ ಮಾತು ಕೇಳುತ್ತಿದ್ದೆ. "ಆಫ್ ಅಂದೆಲ್ಲಾ? ಆಫ್ ಅಂದೆಲ್ಲಾ?"

ಆಫ್ ಅಂದೆ. ಆಫ್ ಇತ್ತು. ಮೊದಲ ತಿಂಗಳು ಇದನ್ನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ಕಣ್ಣು ಮುಚ್ಚಿದರೆ ಸ್ವಿಚ್ಚು ಒಂದು ದಿನ ಕೆಳಗೆ ಕಾಣುತ್ತದೆ, ಒಂದು ದಿನ ಮೇಲೆ. ನಿನ್ನ ಮೇಲೆ ಸಿಟ್ಟಿತ್ತು. ಸಿಟ್ಟಿದ್ದವನ ಬೆರಳು ಏನು ಮಾಡಿತೋ ಯಾರಿಗೆ ಗೊತ್ತು?

ನಿನಗೆ ಗೊತ್ತಿರಬೇಕು.

ಸುಹಾಸ


ಶಿರಸಿ
25 ಆಗಸ್ಟ್ 2024

ಸುಹಾಸ,

ಈಗ ಒಂದು ಸಾಲಿಗೆ ಎರಡು ನಿಮಿಷ. ನಿನ್ನನ್ನು ಬೈಯಲೆಂದೇ ಕಲಿತೆ ಎಂದು ತಿಳಿ.

ಇಲ್ಲದ ಕೈ ನೋಯುತ್ತದೆ. ಇಲ್ಲದ ಬೆರಳುಗಳು ಮುಷ್ಟಿಯಾಗಿ, ಉಗುರು ಅಂಗೈಗೆ ಚುಚ್ಚಿದಂತೆ. ಬಿಡಿಸಲು ಅಲ್ಲಿ ಏನೂ ಇಲ್ಲ. ಆಗೆಲ್ಲ ನಿನ್ನನ್ನು ಆ ಎಂಜಿನ್ನಿನ ಮುಂದೆ ಕಟ್ಟಿ ನಾನು ಸೀಟಿನಲ್ಲಿ ಕೂತಂತೆ ಅಂದುಕೊಳ್ಳುತ್ತೇನೆ. ಒಂದೊಂದೇ ಅವಯವ. ಅವಸರವಿಲ್ಲ. ಮುಷ್ಟಿ ಬಿಚ್ಚುತ್ತದೆ. ನಿನಗೆ ಇದು ಗೊತ್ತಿರಲಿ.

ಚನ್ನಬಸವನನ್ನು ನನ್ನ ಕೆಳಗಿನ ಮಹಡಿಗೇ ತಂದಿದ್ದರು. ನನಗೆ ಯಾರೂ ಹೇಳಲಿಲ್ಲ. ತಮ್ಮ ಎಲ್ಲಿ ಎಂದರೆ ಗದ್ದೆ ಕೆಲಸ ಎಂದರು. ಮೂರನೆಯ ದಿನ ಮೆಟ್ಟಿಲಲ್ಲಿ ಅವ್ವ ಕೂಗಿದ್ದು ಕೇಳಿಸಿತು. ಕಲ್ಲವ್ವ ಎಂದರೆ ಊರಿಗೇ ಗಟ್ಟಿ ಹೆಂಗಸು, ಅಪ್ಪ ಸತ್ತಾಗಲೂ ಕೂಗಿದವಳಲ್ಲ. ನಾನು ಸಲೈನ್ ಸೂಜಿ ಕಿತ್ತು ಇಳಿದು ಹೋದೆ. ತಲೆಗೆ ಸುತ್ತಿದ್ದ ಬಿಳಿ ಬಟ್ಟೆ ಮಾತ್ರ ಕಂಡಿತು, ಮುಖ ಅಷ್ಟು ಬಾತಿತ್ತು.

ಅವನ ಹೆಂಡತಿ ಮಹೇಶ್ವರಿಗೆ ಇಪ್ಪತ್ತೊಂಬತ್ತು ವರ್ಷ. ತವರಿನವರು ಕರೆಯಲು ಬಂದಾಗ "ಆ ಮನಶ್ಯಾಗ ಶಿಕ್ಷೆ ಆದ ದಿನ ಬರ್ತೀನಿ" ಎಂದು ಹೇಳಿ ಕಳಿಸಿದಳು. ಗಂಡನ ಗೊಬ್ಬರದ ಅಂಗಡಿಯ ಬಾಗಿಲು ದಿನವೂ ತಾನೇ ತೆಗೆಯುತ್ತಾಳೆ. ನನಗೆ ಅನ್ನ ಕಲಸಿ ಕೊಡುವವಳೂ ಅವಳೇ. ಎಡಗೈಯಲ್ಲಿ ಉಣ್ಣಲು ನನಗೆ ಹೇಸಿಗೆಯೆಂದು ಅವಳೇ ಚಮಚ ಹುಡುಕಿ ತಂದಳು.

ನಿನ್ನ ವಿಮಾನ ಪೊಲೀಸ್ ಠಾಣೆಯ ಅಂಗಳದಲ್ಲಿ ಬಿದ್ದಿದೆ. ಕೇಸಿನ ಸಾಕ್ಷ್ಯವಸ್ತುವೆಂದು ಅದರ ಮೇಲೆ 'ಮುದ್ದೆಮಾಲು' ಚೀಟಿ ಅಂಟಿಸಿದ್ದಾರೆ. ಹಾದುಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

ಸ್ವಿಚ್ ವಿಷಯ ಮತ್ತೆ ಕೇಳಬೇಡ.

ಮಧುಕೇಶ್ವರ


ಕಾರವಾರ ಜೈಲು
3 ಅಕ್ಟೋಬರ್ 2024

ಮಧು,

ಕೇಳುವುದಿಲ್ಲ. ಬೇರೆ ಒಂದು ಮಾತು ಹೇಳಲು ಬರೆಯುತ್ತಿದ್ದೇನೆ.

ಹೋದ ಸೋಮವಾರ ನಿಮ್ಮ ಚಿಕ್ಕಪ್ಪನ ಮಗ ಶಂಭುಲಿಂಗ ನಾಲ್ಕು ಜನರ ಜೊತೆ ಬಂದು ನಮ್ಮ ಶೆಡ್ಡಿಗೆ ಕಲ್ಲು ಹೊಡೆದ. ಶಿವರಂಜನಿ ಒಳಗಿದ್ದಳು. ಹಣೆಗೆ ಏಳು ಹೊಲಿಗೆ. ನನ್ನ ಹೆಂಡತಿ ಹೇಗೆಂದು ನಿನಗೆ ಗೊತ್ತು. ಬ್ಯಾಂಡೇಜು ಸುತ್ತಿಕೊಂಡೇ ನನ್ನನ್ನು ನೋಡಲು ಇಲ್ಲಿಗೆ ಬಂದಳು. ನಿಲ್ಕುಂದದ ತವರಿಗೆ ಹೋಗು ಎಂದೆ. "ಆನು ಎಲ್ಲಿಗೂ ಹೋಗ್ತಿಲ್ಲೆ. ಎಂತ ತಪ್ಪು ಮಾಡಿದ್ದೆ ಹೇಳಿ ಹೋಗವು?" ಎಂದಳು. ಅವಳು ಮಾಡಿಲ್ಲ. ನಾನು ಮಾಡಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ.

ನನಗೆ ಜಾಮೀನು ಸಿಕ್ಕಿದೆ. ಕಾಗದಪತ್ರ ಮುಗಿದು ಇಪ್ಪತ್ತೊಂದರಂದು ಬಿಡುತ್ತಾರೆ. ಮಧ್ಯಾಹ್ನದ ಬಸ್ಸಿಗೆ ಶಿರಸಿಯಲ್ಲಿ ಇಳಿಯುತ್ತೇನೆ. ಕೋಲಿಲ್ಲದೆ ನಾಲ್ಕು ಹೆಜ್ಜೆ ನಡೆಯಲಾರೆ, ಓಡಿಹೋಗುವ ಪ್ರಶ್ನೆಯಿಲ್ಲ. ಯಾರಿಗೆ ಏನು ಮಾಡಬೇಕೋ ನನಗೆ ಮಾಡಲಿ. ಅವಳನ್ನು ಬಿಡಲು ಹೇಳು. ನಿನ್ನ ಮಾತು ಅವರು ಕೇಳುತ್ತಾರೆ.

ಸುಹಾಸ


ಶಿರಸಿ
13 ಅಕ್ಟೋಬರ್ 2024

ಸುಹಾಸ,

ಬಸ್ಸಿನಲ್ಲಿ ಬರಬೇಡ. ಶಂಭುಲಿಂಗ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದೆಂದು ತೀರ್ಮಾನವಾಗಿದೆ. ಮಚ್ಚು ತಂದಿಟ್ಟಿದ್ದಾರೆ. ಇವತ್ತು ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತ ಮಾತಾಡಿದರು. "ಅಣ್ಣಾ, ಅವ ಇಳದ ಕೂಡಲೆ ಮುಗಸ್ತೀವಿ. ನೀ ಏನೂ ಹೇಳಬ್ಯಾಡ, ಸುಮ್ಮನಿರು ಸಾಕು" ಎಂದ. ನಾನು ಸುಮ್ಮನಿದ್ದೆ.

ಹಿಂದೆಯೂ ಹೀಗೇ ಸುಮ್ಮನಿದ್ದೆ. ಅದನ್ನು ಹೇಳುತ್ತೇನೆ. ಜೈಲಿನವರು ಓದುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವರೂ ಓದಲಿ.

ಸ್ವಿಚ್ ಆಫ್ ಇತ್ತು. ನಾನು ನೋಡಿದ್ದೆ. ನೋಡಿಯೇ ಪ್ರೊಪೆಲ್ಲರಿಗೆ ಕೈ ಹಾಕಿದೆ.

ಜನವರಿ ಇಪ್ಪತ್ತರಂದು ನಮ್ಮ ಜಗಳವಾಗಿ ನೀನು ಮನೆಗೆ ಹೋದ ಮೇಲೆ ನಾನು ಶೆಡ್ಡಿನಲ್ಲೇ ಉಳಿದಿದ್ದೆ. ಸ್ವಿಚ್ಚಿನಿಂದ, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಹೋಗುವ ತಂತಿ ಗೋಜಲಾಗಿ ಕಾಣುತ್ತಿತ್ತು. ಪುಣೆಯವರು ನೋಡಿದರೆ ಚೆಂದ ಕಾಣಲಿ ಎಂದು ಬಿಚ್ಚಿದೆ. ಆ ತಂತಿಯ ಕೆಲಸ ನಿನಗೂ ಗೊತ್ತು. ಸ್ವಿಚ್ ಆಫ್ ಮಾಡಿದಾಗ ಕಿಡಿಯನ್ನು ಕೊಲ್ಲುವುದು ಅದೇ. ಅದು ಬಿಟ್ಟುಹೋದರೆ ಸ್ವಿಚ್ಚು ಎಲ್ಲಿದ್ದರೂ ಎಂಜಿನ್ನಿಗೆ ಜೀವ ಇರುತ್ತದೆ. ಬೆಸುಗೆ ಕಡ್ಡಿ ಬಿಸಿಯಾಗುವಷ್ಟರಲ್ಲಿ ಕರೆಂಟು ಹೋಯಿತು. ತಿರುಚಿ ಟೇಪು ಸುತ್ತಿದೆ. ಬೆಳಿಗ್ಗೆ ಬೆಸೆದರಾಯಿತು ಎಂದುಕೊಂಡೆ. ಬೆಳಿಗ್ಗೆ ನಿನ್ನ ಮುಖ ನೋಡಿದಾಗ ನೀನು ಕೊರಳಪಟ್ಟಿ ಹಿಡಿದದ್ದೊಂದೇ ನೆನಪಿಗೆ ಬಂತು. ವಿಮಾನವನ್ನು ಟ್ರ್ಯಾಕ್ಟರಿಗೆ ಕಟ್ಟಿ ಗದ್ದೆಗೆ ಎಳೆದೊಯ್ಯುವ ಕುಲುಕಾಟದಲ್ಲಿ ಅದು ಬಿಟ್ಟಿರಬೇಕು.

ಆಸ್ಪತ್ರೆಯಲ್ಲಿ ಎಚ್ಚರ ಬಂದಾಗ ಚನ್ನಬಸವ ಹೇಗಾತು ಎಂದು ಕೇಳಿದ. ಸುಹಾಸ ಸ್ವಿಚ್ ಆನ್ ಇಟ್ಟಿದ್ದ ಎಂದೆ. ಆಗ ಹಾಗೆಂದೇ ನಂಬಿದ್ದೆ. ನಾನು ನೋಡಿದ್ದು ತಪ್ಪಿರಬೇಕು ಎಂದುಕೊಂಡಿದ್ದೆ. ತಂತಿ ನೆನಪಾದದ್ದು ಮೂರನೆಯ ದಿನ. ನರ್ಸು ಬಂದು ಗಾಯಕ್ಕೆ ಟೇಪು ಹರಿದಳು. ಆ ಸದ್ದಿಗೆ ಎಲ್ಲ ನೆನಪಾಯಿತು.

ತಮ್ಮ ಪಕ್ಕದಲ್ಲೇ ಕೂತಿದ್ದ. ಕಿತ್ತಳೆ ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದ. "ಅವನ್ನ ಬಿಡೂದಿಲ್ಲ ಅಣ್ಣಾ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಡೀ ಊರು ನನ್ನನ್ನು ಪಾಪ ಎನ್ನುತ್ತಿತ್ತು. ನಾನೇ ನನ್ನ ಕೈ ಕಡಿದುಕೊಂಡೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ನಾಳೆ ಹೇಳೋಣ ಎಂದುಕೊಂಡೆ. ಐದನೆಯ ದಿನ ಬೆಳಿಗ್ಗೆ ಅವನು ಬರಲಿಲ್ಲ.

ಅವನು ಸತ್ತ ಮೇಲೆ ಹೇಳಿದರೆ ಅವನು ಸತ್ತದ್ದು ಏತಕ್ಕೆ ಎಂದಾಗುತ್ತಿತ್ತು. ಆದ್ದರಿಂದ ಹೆಬ್ಬೆಟ್ಟು ಒತ್ತಿದೆ.

ಶಿವರಂಜನಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಇಟ್ಟುಬಿಟ್ಟಳು. ವಕೀಲರಿಗೆ ಹೇಳಿ ಬೇರೆ ಗಾಡಿಯಲ್ಲಿ ಬೇರೆ ದಾರಿಯಲ್ಲಿ ಬಾ. ಶಿರಸಿಗೆ ಬರಲೇಬೇಡ. ಯಲ್ಲಾಪುರಕ್ಕೆ ಹೋಗು, ಉಮ್ಮಚಗಿಯಲ್ಲಿ ನಿನ್ನ ಅಕ್ಕನ ಮನೆಯಿದೆಯಲ್ಲ.

ಮಧುಕೇಶ್ವರ


ಕಾರವಾರ ಜೈಲು
18 ಅಕ್ಟೋಬರ್ 2024

ಮಧುಕೇಶ್ವರ,

ನಿನ್ನ ಪತ್ರ ಓದಿ ಗೋಡೆಗೆ ಗುದ್ದಿದೆ. ಎರಡು ಬೆರಳು ಮುರಿದಿವೆ. ಜೊತೆಯವನೊಬ್ಬ ಹಿಡಿದುಕೊಂಡ, ಇಲ್ಲದಿದ್ದರೆ ತಲೆಯನ್ನೇ ಗುದ್ದುತ್ತಿದ್ದೆ. ಇದನ್ನು ಅವನ ಕೈಯಲ್ಲಿ ಬರೆಸಿ, ಬೇಗ ಮುಟ್ಟಲೆಂದು ವಕೀಲರ ಜೊತೆ ಕಳಿಸುತ್ತಿದ್ದೇನೆ.

ಒಂಬತ್ತು ತಿಂಗಳು. ನಾನೇ ಬೇಕೆಂದು ಮಾಡಿದೆನೇನೋ ಎಂದು ನಂಬುವ ಮಟ್ಟಕ್ಕೆ ಬಂದಿದ್ದೆ. ಚನ್ನಬಸವನ ರಾಡು ನ್ಯಾಯವೇ ಇರಬೇಕು, ಮೊಣಕಾಲು ಹೋದದ್ದು ಸರಿಯೇ ಇರಬೇಕು ಎಂದುಕೊಂಡು ಮಲಗುತ್ತಿದ್ದೆ. ಶಿವರಂಜನಿಯ ಹಣೆಯ ಹೊಲಿಗೆಯನ್ನೂ ನನ್ನ ತಲೆಗೇ ಹಚ್ಚಿಕೊಂಡಿದ್ದೆ. ನೀನು ಅಲ್ಲಿ ಕೂತು ಎಡಗೈ ಬರಹ ಕಲಿಯುತ್ತಿದ್ದೆ!

ಈಗ ನೀನು ನನ್ನೆದುರು ಇದ್ದಿದ್ದರೆ ನಿನ್ನ ಇನ್ನೊಂದು ಕೈಯನ್ನೂ ಮುರಿಯುತ್ತಿದ್ದೆ. ಕೋಲಿನ ಆಸರೆಯಿಲ್ಲದೆ ನಿಂತು ಮುರಿಯುತ್ತಿದ್ದೆ.

ವಕೀಲರು ನಿನ್ನ ಪತ್ರ ಕೋರ್ಟಿಗೆ ಹಾಜರುಪಡಿಸುತ್ತಾರಂತೆ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಲು ನಿನ್ನನ್ನು ಕರೆಸುತ್ತಾರಂತೆ. ಅದೆಲ್ಲ ಆಗಲಿ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಮಹೇಶ್ವರಿಗೆ ಹೇಳು. ಕೋರ್ಟಿನಲ್ಲಿ ಬೇರೆಯವರ ಬಾಯಿಂದ ಅವಳು ಕೇಳಬಾರದು. ನಿನ್ನ ಬಾಯಿಂದ, ಅವಳ ಎದುರು ನಿಂತು.

ಹೇಳದಿದ್ದರೆ ಇಪ್ಪತ್ತೊಂದರಂದು ಆ ಬಸ್ಸಿಗೇ ಬರುತ್ತೇನೆ.

ಸುಹಾಸ


ಶಿರಸಿ
9 ನವೆಂಬರ್ 2024

ಸುಹಾಸ,

ಉಮ್ಮಚಗಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಅಲ್ಲಿಗೆ ತಲುಪಿದ್ದೀ ಎಂದು ನಿನ್ನ ವಕೀಲರು ಹೇಳಿದರು. ಹತ್ತು ದಿನ ಏಳಲಾಗಲಿಲ್ಲ, ಅದಕ್ಕೆ ತಡ.

ಹೇಳಿದೆ. ಇಪ್ಪತ್ತರಂದು ಬೆಳಿಗ್ಗೆ ಅಂಗಳದಲ್ಲಿ. ಅವ್ವ, ಮಹೇಶ್ವರಿ, ಶಂಭುಲಿಂಗ, ಮೂವರನ್ನೂ ಕೂರಿಸಿಯೇ ಹೇಳಿದೆ. ತಂತಿ, ಟೇಪು, ಮೂರನೆಯ ದಿನ, ಐದನೆಯ ದಿನ, ಒಂದೂ ಬಿಡಲಿಲ್ಲ.

ಶಂಭುಲಿಂಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಂದ್ರ ಚನ್ನಬಸವಣ್ಣ ಸುಮ್ಮಸುಮ್ಮನ ಸತ್ತನ?" ಎಂದು ಕೇಳಿದ. ಹೌದು ಎಂದೆ. ಎದ್ದು ಎದೆಗೆ ಒದ್ದ. ಬಿದ್ದ ಮೇಲೆ ಬಾರುಕೋಲು ತಂದ. ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡರೆ ಬೆನ್ನು, ಬೆನ್ನು ಮುಚ್ಚಿದರೆ ಮುಖ. ಮೊಂಡುಗೈಯ ತುದಿಗೆ ಬಿದ್ದಾಗ ಮಾತ್ರ ಕೂಗಿಕೊಂಡೆ. ಎರಡು ಪಕ್ಕೆಲುಬು ಹೋಗಿವೆ, ಒಂದು ಕಿವಿ ಕೇಳಿಸುತ್ತಿಲ್ಲ.

ಬಿಡಿಸಿದವಳು ಮಹೇಶ್ವರಿ. ಕನಿಕರದಿಂದ ಅಲ್ಲ. "ಬಿಡ್ರಿ. ಹೊಡದ್ರ ಅವ್ರು ಹಗುರಾಗ್ತಾರ" ಎಂದಳು. ಶಂಭುಲಿಂಗ ಕೋಲು ಎಸೆದು ಕಟ್ಟೆಯ ಮೇಲೆ ಕೂತು ಅಳತೊಡಗಿದ.

ಅವಳು ನನ್ನೆದುರು ಬಂದು ಕುಕ್ಕರಗಾಲಿನಲ್ಲಿ ಕೂತಳು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಒಮ್ಮೆಯೂ ನನ್ನ ಮುಖ ನೇರ ನೋಡಿ ಮಾತಾಡಿದವಳಲ್ಲ. ಅವತ್ತು ನೋಡಿದಳು.

"ಕೈ ಒಂದು ಹೋಗಿತ್ತು ಭಾವಾ. ಬಾಯಿ ಇತ್ತಲ್ಲ?"

ಅಷ್ಟೇ. ಎದ್ದು ಒಳಗೆ ಹೋಗಿ ಬಟ್ಟೆ ಕಟ್ಟಿಕೊಂಡಳು.

ಆಮೇಲೆ ಅವ್ವ ಕೇಳಿದಳು. "ಮೂರನೇ ದಿನಾನ ನೆನಪಾತನು?"

"ಹೌದವ್ವ."

"ಅವ ಹೋಗಿದ್ದು ಐದನೇ ದಿನ."

"ಹೌದವ್ವ."

ಬೆರಳು ಮಡಚಿ ಎಣಿಸಿದಳು. ಎರಡು ಬೆರಳು ಮಡಚಿಕೊಂಡೇ ಎಷ್ಟೋ ಹೊತ್ತು ಕೂತಿದ್ದಳು. ಈಗ ಅವಳೂ ಮಹೇಶ್ವರಿಯ ಜೊತೆ ಬನವಾಸಿಯಲ್ಲಿದ್ದಾಳೆ. ಹೆತ್ತ ಮಗನನ್ನು ಬಿಟ್ಟು ಸೊಸೆಯ ತವರಿನಲ್ಲಿ ಹೋಗಿ ಕೂತಿದ್ದಾಳೆ.

ಮ್ಯಾಜಿಸ್ಟ್ರೇಟರ ಮುಂದೆ ಮೊನ್ನೆ ಎಲ್ಲ ಹೇಳಿದೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆ ಕೇಸಾಗಬಹುದೆಂದು ಎಚ್ಚರಿಸಿದರು. ಆಗಲಿ ಎಂದೆ. ತಜ್ಞರೊಬ್ಬರು ಠಾಣೆಗೆ ಬಂದು ವಿಮಾನದ ಹಲಗೆ ಬಿಚ್ಚಿ ನೋಡಿದರು. ನಾನೂ ಇದ್ದೆ. ತಂತಿ ಜೋತಾಡುತ್ತಿತ್ತು. ಟೇಪು ಇನ್ನೂ ಸುತ್ತಿಕೊಂಡೇ ಇತ್ತು.

ಮಧುಕೇಶ್ವರ


ಹೇರೂರು, ಸಿದ್ದಾಪುರ ತಾಲೂಕು
22 ಫೆಬ್ರುವರಿ 2026

ಮಧು,

ಶಿರಸಿ ಬಿಟ್ಟು ಶಿವರಂಜನಿಯೂ ನಾನೂ ಈಗ ಹೇರೂರಿನಲ್ಲಿದ್ದೇವೆ. ತೀರ್ಪು ಬಂದು ಹನ್ನೆರಡು ದಿನವಾಯಿತು. ಜೀವ ಉಳಿಸಿಕೊಳ್ಳಲು ಬೀಸಿದ ಏಟು ಎಂದು ಒಪ್ಪಿ ನನ್ನನ್ನು ಬಿಟ್ಟಿದ್ದಾರೆ. ನೀನು ಕಟಕಟೆಯಲ್ಲಿ ನಿಂತು ಹೇಳಿದ್ದು ಅದಕ್ಕೆ ಕಾರಣ. ಅದನ್ನು ಒಪ್ಪಿಕೊಳ್ಳುತ್ತೇನೆ. ಅಂದು ಕೋರ್ಟಿನ ಹೊರಗೆ ನೀನು ನನ್ನ ಕಡೆ ಬಂದಾಗ ನಾನು ಮುಖ ತಿರುಗಿಸಿದೆ. ಅದು ಬೇಕೆಂದೇ.

ವಿಮಾನವನ್ನು ಯಾರಿಗೆ ಕೊಡಬೇಕೆಂದು ಕೋರ್ಟು ಕೇಳಿದೆ. ಅದರೊಳಗೆ ಬಳ್ಳಿ ಹಬ್ಬಿದೆ, ಬಟ್ಟೆಯೆಲ್ಲ ಇಲಿ ಒಯ್ದಿವೆ. ಒಂದು ವಸ್ತುಸಂಗ್ರಹಾಲಯದವರು ಎಂಜಿನ್ ಮತ್ತು ಆ ಹನ್ನೊಂದು ಗೆರೆಯ ಮರ ಇಷ್ಟು ಸಾಕು ಎಂದಿದ್ದಾರೆ. ಒಪ್ಪಿಗೆ ಪತ್ರ ಇದರ ಜೊತೆಗಿದೆ. ನನ್ನ ಸಹಿ ಆಗಿದೆ, ನಿನ್ನದು ಹಾಕಿ ಕಳಿಸು. ಉಳಿದದ್ದನ್ನು ಗುಜರಿಗೆ ಕೊಡಲಿ.

ಈ ಪತ್ರ ಬರೆಯುವುದು ಅದಕ್ಕಲ್ಲ. ನಿನ್ನೆ ಬನವಾಸಿಗೆ ಹೋಗಿದ್ದೆ. ಕೇಸು ಮುಗಿಯುವವರೆಗೆ ಸಾಕ್ಷಿಗಳ ಮನೆಗೆ ಹೋಗಬಾರದು ಎಂದಿದ್ದರು, ಅದಕ್ಕೆ ಕಾದಿದ್ದೆ. ಶಿವರಂಜನಿ ಬೇಡ ಎಂದಳು. ಆಮೇಲೆ ತಾನೇ ಜೊತೆಗೆ ಬಂದಳು.

ಮಹೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ನಿಮ್ಮವ್ವ ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ನಾನು ಕೋಲು ಊರಿಕೊಂಡು ಮೆಟ್ಟಿಲ ಬಳಿ ಹೋದೆ.

"ಒಳಗ ಬರಬ್ಯಾಡ್ರಿ" ಎಂದಳು ಮಹೇಶ್ವರಿ. "ಅಲ್ಲೇ ನಿಂತು ಒಂದ ಮಾತು ಹೇಳ್ರಿ. ದವಾಖಾನಿಗೆ ಒಯ್ದ ಮ್ಯಾಲೆ ಅವ್ರಿಗೆ ಮಾತು ಬರಲಿಲ್ಲ. ನಿಮ್ಮ ಎದುರಿಗೆ ಏನರ ಅಂದ್ರೇನು?"

ಅದನ್ನು ಪೊಲೀಸರು ಕೇಳಿರಲಿಲ್ಲ. ವಕೀಲರೂ ಕೇಳಿರಲಿಲ್ಲ. ನಿನಗೂ ನಾನು ಬರೆದಿರಲಿಲ್ಲ. ಬೇಕೆಂದೇ ಬರೆದಿರಲಿಲ್ಲ. ಮೊದಲು ನಿನ್ನ ನೋವು ಹೆಚ್ಚಿಸಲು ಇಷ್ಟವಿರಲಿಲ್ಲ, ಆಮೇಲೆ ನಿನಗೆ ಅದನ್ನು ಕೊಡಲು ಇಷ್ಟವಿರಲಿಲ್ಲ. ಅವಳಿಗೆ ಹೇಳಿದೆ. ಅವಳಿಗೆ ಹೇಳಿದ ಮೇಲೆ ನಿನಗೆ ಹೇಳದೆ ಇಟ್ಟುಕೊಂಡರೆ ನಾನೂ ನೀನೇ ಆಗುತ್ತೇನೆ.

ಏಟು ಬಿದ್ದ ಮೇಲೆ ಅವನು ಕೂಡಲೇ ಬೀಳಲಿಲ್ಲ. ಮುರಿದ ರೆಕ್ಕೆಗೆ ಒರಗಿ ನೆಲಕ್ಕೆ ಕೂತ. ಕಿವಿಯಿಂದ ಕತ್ತಿನ ಮೇಲೆ ರಕ್ತ ಇಳಿಯುತ್ತಿತ್ತು, ಅದನ್ನು ಮುಟ್ಟಿ ನೋಡಿಕೊಂಡ. ನಾನು ತೆವಳಿಕೊಂಡು ಹತ್ತಿರ ಹೋಗಿ ನನ್ನ ಅಂಗಿ ಬಿಚ್ಚಿ ಒತ್ತಿ ಹಿಡಿದೆ. ಆಗ ಅವನ ಸಿಟ್ಟು ಎಲ್ಲಿಯೋ ಹೋಗಿತ್ತು. ಎಳೆಯ ಹುಡುಗನ ಮುಖವಾಗಿತ್ತು. ನನ್ನ ತೋಳು ಹಿಡಿದುಕೊಂಡ.

"ಅಣ್ಣಗ ಹೇಳಬ್ಯಾಡ್ರಿ" ಎಂದ. "ದವಾಖಾನ್ಯಾಗ ಅದಾನ. ಗಾಬರಿ ಆಗ್ತಾನ."

ಸುಹಾಸ